ಮನೆಯಲ್ಲಿ ಒಂದು ಕೋಣೆ ಖಾಲಿ ಇದೆಯಾ?

(ಪುಣೆಯಲ್ಲಿ ಕನ್ನಡಿಗರ ಭಾನುವಾರದ ಕೂಟದಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಯಾವ ವಿಷಯ ಮಾತಾಡ್ತೀರಿ ಅಂತ ಕಾರ್ಯದರ್ಶಿಗಳು ಫೋನ್ ಮಾಡಿ ಕೇಳಿದರು. ಹೊಟ್ಟೆಯಲ್ಲಿರುವ ಮಕ್ಕಳ ಪರವಾಗಿ ನಡೆದ ಮೆರವಣಿಗೆಗೆ ಹೋಗಿದ್ದೆ, ಅದರ ಬಗ್ಗೆ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಮೇಡಂ, ಸಭೆಯಲ್ಲಿ ಎಲ್ಲಾ ಥರದವರೂ ಇರ್ತಾರೆ, ಸ್ವಲ್ಪ ನೋಡಿಕೊಂಡು..." ಅಂದರು. ನೋಡಿಕೊಂಡೇ ಮಾತಾಡುತ್ತೇನೆ. ಹೆದರಬೇಡಿ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಹೊಟ್ಟೆಯಲ್ಲಿ ಇರುವುದು ಜೀವ. ಅದನ್ನು ಉಳಿಸಿಕೊಳ್ಳಬೇಕು ಅಂತ ನಂಬಿದವಳು ನಾನು. ನೀವೆಲ್ಲ ಒಪ್ಪಬೇಕು ಅಂತೇನಿಲ್ಲ. ಇನ್ನೊಂದು ಮಾತು. ಈ ಸಭೆಯಲ್ಲಿ ಕೂತವರಲ್ಲೇ ಯಾವತ್ತೋ ಗರ್ಭ ತೆಗೆಸಿಕೊಂಡ ಅಕ್ಕತಂಗಿಯರು ಇರಬಹುದು. ಇದ್ದೇ ಇರುತ್ತಾರೆ. ಅವರನ್ನು ಕಟಕಟೆಯಲ್ಲಿ ನಿಲ್ಲಿಸಲು ನಾನು ಬಂದಿಲ್ಲ. ಹೆರಿಗೆ ವಾರ್ಡಿನಲ್ಲೇ ಕೂದಲು ಬೆಳ್ಳಗಾದ ನರ್ಸ್ ನಾನು. ಯಾರು ಯಾಕೆ ಆ ಬಾಗಿಲಿಗೆ ಬರುತ್ತಾರೆ ಅಂತ ಸಾಕಷ್ಟು ನೋಡಿದ್ದೇನೆ.

ಮೆರವಣಿಗೆಗೆ ಆಗಸ್ಟ್ 10 ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. 1971ರ ಆಗಸ್ಟ್ 10ರಂದು ನಮ್ಮ ದೇಶದ ಗರ್ಭಪಾತ ಕಾನೂನು ಬಂತು. ಜಾರಿಗೆ ಬಂದದ್ದು 1972ರ ಏಪ್ರಿಲ್ 1ಕ್ಕೆ. ಆ ಕಾನೂನಿನ ಬೇರು ಇರುವುದು ನಮ್ಮ ಮಹಾರಾಷ್ಟ್ರದಲ್ಲೇ. 1964ರಲ್ಲಿ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. ಅದರ ಅಧ್ಯಕ್ಷರು ಮಹಾರಾಷ್ಟ್ರದ ಮಂತ್ರಿ ಶಾಂತಿಲಾಲ್ ಶಾ. ಹಳ್ಳಿಗಳಲ್ಲಿ ಗರ್ಭ ಇಳಿಸಲು ಕಡ್ಡಿ ಹಾಕಿಸಿಕೊಂಡು, ಕೀವಾಗಿ, ಜ್ವರ ಬಂದು ಹೆಂಗಸರು ಸಾಯುತ್ತಿದ್ದ ಕಾಲ ಅದು. ನನಗೆ ಕೆಲಸ ಕಲಿಸಿದ ಹಿರಿಯ ಸಿಸ್ಟರ್ ಆ ವಾರ್ಡಿನ ವಾಸನೆಯ ಬಗ್ಗೆ ಹೇಳುತ್ತಿದ್ದರು. ಆ ಸಾವುಗಳು ನಿಲ್ಲಬೇಕು ಅಂತಲೇ ಕಾನೂನು ಬಂತು. ನಮ್ಮ ಕಡೆಯವರು ಭಾಷಣ ಮಾಡುವಾಗ ಇದನ್ನು ಹಾರಿಸಿಬಿಡುತ್ತಾರೆ. ಹಾರಿಸಬಾರದು. ಸತ್ತ ಆ ಹೆಂಗಸರೂ ಜೀವಗಳೇ ಅಲ್ವಾ?

ಅಮೆರಿಕದಲ್ಲಿ ಇಂಥ ಮೆರವಣಿಗೆ 1974ರಿಂದ ಪ್ರತಿ ಜನವರಿಯಲ್ಲಿ ವಾಷಿಂಗ್ಟನ್ನಿನಲ್ಲಿ ನಡೆಯುತ್ತಿದೆ. ಅಲ್ಲಿಯ ಸುಪ್ರೀಂ ಕೋರ್ಟು 1973ರ ಜನವರಿ 22ರಂದು ಗರ್ಭಪಾತ ಹೆಣ್ಣಿನ ಹಕ್ಕು ಅಂತ ಕೊಟ್ಟ ತೀರ್ಪಿನ ವಿರುದ್ಧ ಶುರುವಾದದ್ದು ಅದು. 2022ರ ಜೂನಿನಲ್ಲಿ ಅದೇ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. ಮೆರವಣಿಗೆ ಮಾತ್ರ ನಿಂತಿಲ್ಲ. ನಮ್ಮಲ್ಲಿ ರಾಷ್ಟ್ರಮಟ್ಟದ ಮೊದಲ ಮೆರವಣಿಗೆ 2022ರಲ್ಲಿ ದೆಹಲಿಯಲ್ಲಿ ಆಯಿತು. 2023ರಲ್ಲಿ ಪುಣೆಗೆ ಬಂತು, ನಾನು ಹೋದದ್ದು ಅದಕ್ಕೇ. ಮುಂದೆ ನಿಂತು ನಡೆಸಿದವರು ಹೆಚ್ಚಾಗಿ ಕ್ಯಾಥೊಲಿಕ್ ಸಮುದಾಯದವರು.

ನಮ್ಮದಕ್ಕೂ ಅಮೆರಿಕದ್ದಕ್ಕೂ ಹೋಲಿಕೆ ಕಮ್ಮಿ. ಅಲ್ಲಿ ಜಗಳ ಇದ್ದದ್ದು ಹಕ್ಕಿನ ಬಗ್ಗೆ. ಇಲ್ಲಿ 1971ರ ಕಾನೂನು ತೀರ್ಮಾನ ಬಿಟ್ಟದ್ದು ಡಾಕ್ಟರಿಗೆ. 12 ವಾರದ ತನಕ ಒಬ್ಬ ಡಾಕ್ಟರ ಅಭಿಪ್ರಾಯ, 20ರ ತನಕ ಇಬ್ಬರದು. 2021ರ ತಿದ್ದುಪಡಿ ಬಂದ ಮೇಲೆ 20 ವಾರದ ತನಕ ಒಬ್ಬರೇ ಸಾಕು. ಕೆಲವು ವರ್ಗದ ಹೆಂಗಸರಿಗೆ 24 ವಾರ. ಮಗುವಿಗೆ ಗಂಭೀರ ತೊಂದರೆ ಇದೆ ಅಂತ ವೈದ್ಯಕೀಯ ಮಂಡಳಿ ಹೇಳಿದರೆ ವಾರದ ಮಿತಿಯೇ ಇಲ್ಲ. 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಆ 24 ವಾರದ ಅವಕಾಶ ಮದುವೆಯಾಗದ ಹೆಂಗಸರಿಗೂ ಇದೆ ಅಂದಿತು. ಮರುವರ್ಷ ಅಕ್ಟೋಬರಿನಲ್ಲಿ ಅದೇ ಕೋರ್ಟು, 26 ವಾರ ತುಂಬಿದ್ದ ಎರಡು ಮಕ್ಕಳ ತಾಯಿಯೊಬ್ಬಳಿಗೆ ಅನುಮತಿ ಕೊಡಲಿಲ್ಲ. ಕಾನೂನಿನ ಪಾಠ ಇಷ್ಟು ಸಾಕು.

ಈ ಕಾನೂನಿನಲ್ಲಿ ಜನಕ್ಕೆ ಗೊತ್ತೇ ಇಲ್ಲದ ಒಂದು ಮಾತಿದೆ. 18 ದಾಟಿದ ಹೆಂಗಸಾದರೆ ಅವಳ ಒಪ್ಪಿಗೆ ಒಂದೇ ಸಾಕು. ಗಂಡನ ಸಹಿ ಬೇಕಿಲ್ಲ, ಅತ್ತೆಯ ಸಹಿ ಅಂತೂ ಬೇಡವೇ ಬೇಡ. ಕಾಗದದ ಮೇಲೆ ಹೀಗಿದೆ. ವಾರ್ಡಿನಲ್ಲಿ ನಾನು ಕಂಡದ್ದು ಬೇರೆ. ಫಾರಂ ಹಿಡಿದುಕೊಂಡು ಬರುವವರು ಅತ್ತೆ. ಡಾಕ್ಟರ ಪ್ರಶ್ನೆಗೆ ಉತ್ತರ ಹೇಳುವವನು ಗಂಡ. ಎಷ್ಟು ತಿಂಗಳಾಯಿತಮ್ಮ ಅಂತ ಅವಳನ್ನೇ ಕೇಳಿದರೂ ಉತ್ತರ ಗಂಡನಿಂದಲೇ ಬರುತ್ತದೆ. ಒಬ್ಬಳು ಹೆಬ್ಬೆಟ್ಟು ಒತ್ತಿ, ಬೆರಳಿನ ಇಂಕನ್ನು ಸೆರಗಿನ ಒಳಮಗ್ಗುಲಿಗೆ ಒರೆಸಿಕೊಂಡಳು, ಹೊರಗೆ ಕಲೆ ಕಾಣಬಾರದು ಅಂತ. ಅಷ್ಟು ಹೊತ್ತೂ ಅವಳ ಬಾಯಿಂದ ಒಂದು ಮಾತು ಬಂದಿರಲಿಲ್ಲ. ಅಂಥವಳ ಮುಂದೆ "ಇದು ನಿನ್ನ ಆಯ್ಕೆ" ಅಂದರೂ ಸುಳ್ಳು, "ಇದು ನಿನ್ನ ಪಾಪ" ಅಂದರೂ ಸುಳ್ಳು.

ಇಂಥವರ ಜೊತೆ ಕೂತು ಮಾತಾಡೋಣ ಅಂತ ನಾವು ಕೆಲವು ಹೆಂಗಸರು ಸೇರಿ ಕೆಲಸ ಶುರು ಮಾಡಿದ್ದೆವು. ಸಂಘದ ಹೆಸರಿಲ್ಲ, ರಿಜಿಸ್ಟ್ರೇಷನ್ ಇಲ್ಲ. ಕಟ್ಟಡದ ಕೆಲಸಕ್ಕೆ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಪುಣೆಗೆ ಬಂದ ಹೆಣ್ಣುಮಕ್ಕಳ ಜೊತೆ ಅವರ ಭಾಷೆಯಲ್ಲಿ ಮಾತಾಡುವವರು ಬೇಕಿತ್ತು. ವಾಕಡ್, ಹಿಂಜವಡಿ ಕಡೆ ಯಾವ ಸೈಟಿಗೆ ಹೋದರೂ ತಗಡಿನ ಶೆಡ್ಡುಗಳ ಸಾಲಿನಲ್ಲಿ ಕನ್ನಡ ಕೇಳಿಸುತ್ತದೆ. ಚೆನ್ನಾಗೇ ನಡೆದಿತ್ತು. ಆಮೇಲೆ ಕೊರೋನಾ ಬಂತು. ಶೆಡ್ಡುಗಳು ಖಾಲಿಯಾದವು. ನಮ್ಮಲ್ಲಿ ಒಬ್ಬರು ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೋದವರು ಅಲ್ಲೇ ಉಳಿದರು. ಇನ್ನೊಬ್ಬರಿಗೆ ಮಂಡಿನೋವು. ವಾಟ್ಸಾಪ್ ಗುಂಪಿನಲ್ಲಿ ಬರೀ ಶುಭೋದಯದ ಹೂವು, ಬಿಸಿ ಚಹಾದ ಲೋಟ. ಯಾರಾದರೂ ಬಸುರಿಗೆ ಸಹಾಯ ಬೇಕು ಅಂತ ಹಾಕಿದರೆ ಎಲ್ಲರೂ ಕೈ ಮುಗಿಯುವ ಚಿತ್ರ ಒತ್ತುತ್ತಿದ್ದರು. ಹೋಗುವವರು ಯಾರೂ ಇಲ್ಲ.

ನನಗೂ ಸಾಕಾಗಿತ್ತು. ನಿವೃತ್ತಿ ಆಯಿತು, ಇನ್ನು ಮೊಮ್ಮಕ್ಕಳು, ಟಿವಿ, ತುಳಸಿಕಟ್ಟೆ ಅಂತ ಇದ್ದುಬಿಡೋಣ ಅನ್ನಿಸಿತ್ತು. ನನ್ನ ಮಗಳು ಐಟಿಯಲ್ಲಿದ್ದಾಳೆ. ಅವಳದು ನನ್ನ ನಿಲುವಿಗೆ ತದ್ವಿರುದ್ಧ. "ಅಮ್ಮಾ, ಯಾರ ಹೊಟ್ಟೆ ವಿಚಾರವೋ, ನಿನಗೇನು?" ಅಂತ ಕೇಳುತ್ತಿದ್ದಳು. ಅವಳಿಗೆ ಉತ್ತರ ಕೊಡುವ ಉತ್ಸಾಹವೂ ಉಳಿದಿರಲಿಲ್ಲ.

ಆ ಹೊತ್ತಿಗೆ ನನ್ನ ಜೊತೆ ಕೆಲಸ ಮಾಡಿದ್ದ ಮಂಗಳೂರಿನ ಸಿಸ್ಟರ್ ಒಬ್ಬರು ಫೋನ್ ಮಾಡಿದರು. ಮೆರವಣಿಗೆ ಇದೆ, ಬಾ ಅಂದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ನಾನು, ಶಿಲುಬೆಯವರ ನಡುವೆ ಏನು ಮಾಡಲಿ ಅಂದೆ. "ನಡೆಯೋದು ಅಷ್ಟೇ ಮಾರಾಯ್ತಿ, ಪೂಜೆ ಮಾಡು ಅಂದೆನಾ?" ಅಂದರು. ಸರಿ, ಸುಮ್ನೆ ಹೋದೆ. ನಿಜವಾಗಿ ಹೇಳಬೇಕೆಂದರೆ ಮೆರವಣಿಗೆಗಳ ಬಗ್ಗೆ ನನಗೆ ಅಂಥ ಭಕ್ತಿ ಏನಿಲ್ಲ. ಪುಣೆಯಲ್ಲಿ ಮೆರವಣಿಗೆ ಇಲ್ಲದ ದಿನ ಯಾವುದಿದೆ ಹೇಳಿ.

ಪುಣೆಯ ಆಗಸ್ಟ್ ಮಳೆ ನಿಮಗೆಲ್ಲ ಗೊತ್ತು. ಜೋರಾಗಿ ಸುರಿಯುವುದೂ ಇಲ್ಲ, ನಿಲ್ಲುವುದೂ ಇಲ್ಲ. ಛತ್ರಿ ಬಿಚ್ಚಿದರೆ ಪಕ್ಕದವರ ಕಣ್ಣಿಗೆ ಚುಚ್ಚುತ್ತದೆ, ಮಡಚಿದರೆ ತಲೆ ನೆನೆಯುತ್ತದೆ. ಫಲಕಗಳ ಬಣ್ಣ ಇಳಿಯುತ್ತಿತ್ತು. ಇಂಗ್ಲಿಷ್, ಮರಾಠಿ, ಮಲಯಾಳ, ಹಿಂದಿ ಎಲ್ಲಾ ಇದ್ದವು. ಯಾರೋ ಪುಣ್ಯಾತ್ಮರು ಕನ್ನಡದಲ್ಲೂ ಬರೆದಿದ್ದರು. ಕಾಗುಣಿತ ತಪ್ಪಿತ್ತು. ಆದರೂ ಅದನ್ನು ಕಂಡ ಕೂಡಲೇ ನಾನು ಆ ಫಲಕದ ಹಿಂದೆಯೇ ಸೇರಿಕೊಂಡೆ. ಪರಊರಿನಲ್ಲಿರುವ ಕನ್ನಡಿಗರ ರೋಗ ಇದು, ನಿಮಗೆ ಬೇರೆ ಹೇಳಬೇಕಾಗಿಲ್ಲ.

ರಸ್ತೆಯ ಪಕ್ಕ ಸ್ಕೂಟರ್ ನಿಲ್ಲಿಸಿಕೊಂಡಿದ್ದ ಒಬ್ಬರು "ಕಸಲಾ ಮೋರ್ಚಾ ಆಹೇ?", ಯಾವುದರ ಮೆರವಣಿಗೆ ಇದು, ಅಂತ ಟ್ರಾಫಿಕ್ ಪೊಲೀಸನನ್ನು ಕೇಳಿದರು. ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ನನ್ನ ಮುಖ ನೋಡಿದ. ನನಗೆ ಬಂದ ಮರಾಠಿಯಲ್ಲಿ ಹೇಳಿದೆ, ಹೊಟ್ಟೆಯಲ್ಲಿರುವ ಮಕ್ಕಳಿಗಾಗಿ ಅಂತ. ಅವನು ಒಂದು ಕ್ಷಣ ಸುಮ್ಮನಿದ್ದು, "ಮಲಾ ದೋನ್ ಮುಲೀ ಆಹೇತ್" ಅಂದ. ನನಗೆ ಇಬ್ಬರು ಹೆಣ್ಣುಮಕ್ಕಳು ಅಂತ. ನಾನು ಕೇಳಿರಲಿಲ್ಲ, ಅವನಾಗಿ ಹೇಳಿದ. ಆಮೇಲೆ ಸೀಟಿ ಊದಿ ನಮಗಾಗಿ ಬಸ್ಸು ನಿಲ್ಲಿಸಿದ.

ನನ್ನ ಮುಂದೆ ಒಬ್ಬ ತಂದೆ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆಯುತ್ತಿದ್ದ. ಡೌನ್ ಸಿಂಡ್ರೋಮ್ ಇರುವ ಮಗು. ಕೈಯಲ್ಲಿ ಪಾರ್ಲೆ-ಜಿ. ಮಳೆಗೆ ಬಿಸ್ಕತ್ತು ಮೆತ್ತಗಾಗಿ ಅಪ್ಪನ ಕೂದಲಿಗೆ ಅಂಟುತ್ತಿತ್ತು. ಅವಳು ಅದನ್ನು ಒಂದೊಂದೇ ಚೂರು ಕೂದಲಿನಿಂದ ಹೆಕ್ಕಿ ಹೆಕ್ಕಿ ತಿನ್ನುತ್ತಿದ್ದಳು. ಅಪ್ಪನಿಗೆ ಗೊತ್ತೇ ಇಲ್ಲ, ಘೋಷಣೆ ಕೂಗುತ್ತಿದ್ದಾನೆ. ವಾರದ ಮಿತಿಯೇ ಇಲ್ಲ ಅಂತ ಆಗ ಹೇಳಿದೆನಲ್ಲ. ಡೌನ್ ಸಿಂಡ್ರೋಮ್ ಅಂತ ವರದಿ ಬಂದ ಕೂಡಲೇ ಎಷ್ಟೋ ಮನೆಗಳಲ್ಲಿ ಮಾತು ಅಲ್ಲಿಗೇ ಮುಗಿಯುತ್ತದೆ. ಆ ಮನೆಯವರನ್ನು ನಾನು ಬೈಯುವುದಿಲ್ಲ. ಅಂಥ ಮಗುವನ್ನು ಬೆಳೆಸಲು ಶಾಲೆ ಬೇಕು, ಥೆರಪಿ ಬೇಕು, ದುಡ್ಡು ಬೇಕು. ನಾವಿಲ್ಲದ ಮೇಲೆ ಯಾರು ಅನ್ನುವ ಹೆದರಿಕೆ ಬೇರೆ. ಆದರೆ ನಿರ್ಧಾರ ಮಾಡುವ ಮೊದಲು ಇಂಥ ಒಬ್ಬ ಅಪ್ಪನ ಜೊತೆ ಅರ್ಧ ಗಂಟೆ ಮಾತಾಡಿಸುವವರು ಯಾರಾದರೂ ಇದ್ದಾರಾ? ನಮ್ಮ ವಾರ್ಡಿನಲ್ಲಿ ಇರಲಿಲ್ಲ.

ಹಿಡಿಸದ ಸಂಗತಿಗಳೂ ಇದ್ದವು. ಒಬ್ಬ ಹುಡುಗ ರಕ್ತಸಿಕ್ತ ಚಿತ್ರದ ಪೋಸ್ಟರ್ ಹಿಡಿದಿದ್ದ. ಹತ್ತಿರ ಹೋಗಿ, "ತಮ್ಮಾ, ಈ ರಸ್ತೆಯಲ್ಲಿ ನಡೆದುಹೋಗುವ ಹೆಂಗಸರಲ್ಲಿ ಹೋದ ತಿಂಗಳು ತೆಗೆಸಿಕೊಂಡವಳು ಇರಬಹುದು, ಇದನ್ನು ನೋಡಿ ಅವಳಿಗೆ ಏನಾಗಬೇಕು?" ಅಂದೆ. ಅವನು ವಾದ ಮಾಡಲಿಲ್ಲ, ಮಡಚಿ ಇಟ್ಟುಕೊಂಡ. ಕಾನೂನೇ ರದ್ದಾಗಬೇಕು ಅಂತ ಕೂಗುವವರೂ ಇದ್ದರು. ಅವರ ಜೊತೆ ನಾನು ಕೂಗಲಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಭಾಷಣಗಳು ನನಗೆ ನೆನಪಿಲ್ಲ. ನೆನಪಿರುವುದು ಎಲ್ಲಾ ಮುಗಿದು ಚಹಾ ಕುಡಿಯುವಾಗ ನಡೆದದ್ದು. ಮಲಯಾಳಿ ನನ್ ಒಬ್ಬರು ಬಂದು ಪಕ್ಕದಲ್ಲಿ ನಿಂತರು. ರಾಯಚೂರಿನ ಕಡೆ ಕೆಲಸ ಮಾಡಿದವರು, ಅಲ್ಲಿಯ ಕನ್ನಡ ಮಾತಾಡಿದರು. "ಎಲ್ಲಿಂದ ಬಂದೀರಿ ಅಕ್ಕಾರ?" ಅಂತ ಕೇಳಿ ನನ್ನ ಕಥೆ ಎಲ್ಲ ಕೇಳಿಸಿಕೊಂಡರು. ನಾನು ನಮ್ಮ ಗುಂಪು ಹೇಗೆ ಮುಚ್ಚಿಹೋಯಿತು, ಜನಕ್ಕೆ ಹೇಗೆ ಆಸಕ್ತಿ ಇಲ್ಲ, ಕಾಲ ಹೇಗೆ ಕೆಟ್ಟಿದೆ ಅಂತ ಉದ್ದಕ್ಕೆ ಹೇಳಿದೆ. ಅವರು ಚಹಾ ಮುಗಿಸಿ ಲೋಟ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದರು. "ನಿಮ್ಮ ಮನ್ಯಾಗ ಒಂದು ಖೋಲಿ ಖಾಲಿ ಐತೇನ್ರಿ?"

ಮಗಳ ಕೋಣೆ ಖಾಲಿಯೇ ಇತ್ತು. ಇಸ್ತ್ರಿ ಬಟ್ಟೆ, ಹಳೇ ಟ್ರೆಡ್‌ಮಿಲ್ಲು ಇಟ್ಟುಕೊಂಡಿದ್ದೆವು. ಇದೆ ಅಂದೆ. ಅವರ ಹತ್ತಿರ ಒಬ್ಬಳು ಹುಡುಗಿ ಇದ್ದಳು, ಏಳು ತಿಂಗಳು. ಅವರಿದ್ದ ಕಡೆ ಜಾಗ ತುಂಬಿಹೋಗಿತ್ತು. ಬೇರೆ ಏನೂ ಮಾತಾಡಲಿಲ್ಲ. ನನ್ನ ನಂಬರ್ ಬರೆದುಕೊಂಡರು, ಅಷ್ಟೇ. ಮನೆಗೆ ಬರುವಾಗ ಬಸ್ಸಿನಲ್ಲಿ ನನಗೆ ನಿದ್ದೆ ಬರಲಿಲ್ಲ. ಟ್ರೆಡ್‌ಮಿಲ್ ಯಾರಿಗೆ ಕೊಡುವುದು, ಮಂಚ ಎಲ್ಲಿಂದ ತರುವುದು ಅಂತ ಲೆಕ್ಕ ಹಾಕುತ್ತಿದ್ದೆ. ಬಹಳ ಕಾಲದ ಮೇಲೆ ಹಾಗೆ ಲೆಕ್ಕ ಹಾಕಿದ್ದು. ಮೈಯಲ್ಲಿ ಮತ್ತೆ ಚುರುಕು ಬಂದದ್ದು ಅಲ್ಲಿ. ಘೋಷಣೆಯಿಂದ ಬಂದದ್ದಲ್ಲ.

ಅಭಿಪ್ರಾಯ ಇಟ್ಟುಕೊಂಡು ಸುಸ್ತಾಗಿದ್ದೆ ನಾನು. ಅಭಿಪ್ರಾಯಕ್ಕೆ ಕೆಲಸ ಸಿಕ್ಕಿರಲಿಲ್ಲ. ಮೆರವಣಿಗೆಯಲ್ಲಿ ಕಂಡ ಅಷ್ಟು ಜನರಲ್ಲಿ ಮುಕ್ಕಾಲುವಾಸಿ ಬರೀ ನಡೆಯಲು ಬಂದವರು, ಅದು ಗೊತ್ತು. ಆದರೆ ಕೋಣೆ ಇದ್ದವರು, ಗಾಡಿ ಇದ್ದವರು, ರಾತ್ರಿ ಎರಡಕ್ಕೆ ಫೋನ್ ಎತ್ತುವವರು ಒಬ್ಬರಿಗೊಬ್ಬರು ಸಿಗುವುದಾದರೂ ಎಲ್ಲಿ? ಇಂಥಲ್ಲೇ ಸಿಗಬೇಕು. ಮೆರವಣಿಗೆಯ ಉಪಯೋಗ ಅದು. ಸರ್ಕಾರಕ್ಕೆ ಕೇಳಿಸಿತೋ ಇಲ್ಲವೋ, ನಾವು ಪರಸ್ಪರ ಕಣ್ಣಿಗೆ ಬಿದ್ದೆವು.

ಈಗ ಪುಣೆಯದೇ ಒಂದು ಕಥೆ ಹೇಳಬೇಕು. ಗಂಜ್ ಪೇಠೆಯಲ್ಲಿ ಫುಲೆ ವಾಡಾ ಇದೆ, ಜೋತಿಬಾ, ಸಾವಿತ್ರಿಬಾಯಿ ಫುಲೆ ಇದ್ದ ಮನೆ, ಎಷ್ಟು ಜನ ನೋಡಿದ್ದೀರೋ ಗೊತ್ತಿಲ್ಲ. ಊರಿನಿಂದ ನೆಂಟರು ಬಂದರೆ ಶನಿವಾರವಾಡಾ, ದಗಡೂಶೇಠ್, ಚಿತಳೆ ಬಾಕರವಡಿ ಅಂತ ಮುಗಿಸಿಬಿಡುತ್ತೇವೆ. ಫುಲೆ ವಾಡೆಗೂ ಒಮ್ಮೆ ಕರೆದುಕೊಂಡು ಹೋಗಿ. ಜೋತಿಬಾ ಫುಲೆಯವರ ಸ್ನೇಹಿತ ಗೋವಂಡೆ ಅಂತ ಇದ್ದರು. ಅವರ ಮನೆಯಲ್ಲಿ ಕಾಶೀಬಾಯಿ ಅಂತ ಬ್ರಾಹ್ಮಣ ವಿಧವೆ ಅಡುಗೆ ಕೆಲಸಕ್ಕಿದ್ದಳು. ನೆರೆಯ ಶಾಸ್ತ್ರಿಯೊಬ್ಬನಿಂದ ಬಸುರಾದಳು. ಗರ್ಭ ಇಳಿಸಲು ನೋಡಿದರು, ಆಗಲಿಲ್ಲ. ಮಗು ಹುಟ್ಟಿತು. ಮರ್ಯಾದೆಗೆ ಹೆದರಿ ಕೊಂದು ಬಾವಿಗೆ ಹಾಕಿದಳು. ಕೋರ್ಟು ಅವಳನ್ನು ಜೀವಾವಧಿ ಶಿಕ್ಷೆಗೆ ಅಂಡಮಾನಿಗೆ ಕಳಿಸಿತು. ಶಾಸ್ತ್ರಿಯ ಹೆಸರನ್ನು ಇವತ್ತಿಗೂ ಯಾರೂ ಹೇಳುವುದಿಲ್ಲ, ಗಮನಿಸಿ.

ಫುಲೆ ದಂಪತಿ 1863ರಲ್ಲಿ ತಮ್ಮ ಮನೆಯ ಪಕ್ಕದಲ್ಲೇ ಒಂದು ಮನೆ ತೆರೆದರು. ಬಾಲಹತ್ಯೆ ತಡೆಯುವ ಮನೆ ಅಂತಲೇ ಹೆಸರು. ವಿಧವೆಯರೇ, ಗುಟ್ಟಾಗಿ ಇಲ್ಲಿ ಬಂದು ಹೆರಿಗೆ ಮಾಡಿಕೊಳ್ಳಿ, ಮಗುವನ್ನು ಕರೆದುಕೊಂಡಾದರೂ ಹೋಗಿ, ಬಿಟ್ಟಾದರೂ ಹೋಗಿ ಎಂಬ ಅರ್ಥದ ಚೀಟಿಗಳನ್ನು ಊರಿನಲ್ಲಿ ಅಂಟಿಸಿದರು. 1863ರ ಪುಣೆಯ ಗೋಡೆಗಳ ಮೇಲೆ! ಆ ಮನೆ ನೋಡಿಕೊಂಡವರು ಸಾವಿತ್ರಿಬಾಯಿ. ಹಾಗೆ ಬಂದ ವಿಧವೆಯೊಬ್ಬಳ ಮಗನನ್ನೇ ಅವರು 1874ರಲ್ಲಿ ದತ್ತು ತೆಗೆದುಕೊಂಡರು. ಅವನ ಹೆಸರು ಯಶವಂತ. ಓದಿ ಡಾಕ್ಟರಾದ. 1897ರಲ್ಲಿ ಪುಣೆಯಲ್ಲಿ ಪ್ಲೇಗ್ ಬಂದಾಗ ತಾಯಿಮಗ ಇಬ್ಬರೂ ರೋಗಿಗಳ ಸೇವೆಗೆ ನಿಂತರು. ಸಾವಿತ್ರಿಬಾಯಿ ಅದೇ ರೋಗ ತಗುಲಿ ತೀರಿಕೊಂಡರು.

ಕಾನೂನು ರದ್ದಾಗಲಿ ಅಂತ ನಾನು ಯಾಕೆ ಕೂಗಲಿಲ್ಲ ಅನ್ನುವುದಕ್ಕೆ ಉತ್ತರ ಇಲ್ಲಿದೆ. ಕಾಶೀಬಾಯಿಗೆ ಕಠಿಣ ಕಾನೂನು ಇತ್ತಲ್ಲ? ಜೀವಾವಧಿ ಶಿಕ್ಷೆಯೇ ಇತ್ತು. ಮಗು ಉಳಿಯಿತಾ? ಬಾವಿಗೆ ಹೋಯಿತು. ಯಶವಂತ ಉಳಿದದ್ದು ಪಕ್ಕದಲ್ಲಿ ಬಾಗಿಲು ತೆರೆದಿದ್ದರಿಂದ. ಕಾನೂನಿನ ಜಗಳ ಮಾಡುವವರು ಮಾಡಲಿ. ನನ್ನ ವಯಸ್ಸಿಗೆ ನನಗೆ ಅಲ್ಲಿ ಕೆಲಸ ಇಲ್ಲ.

ಒಂದು ಕಾನೂನಿನ ವಿಷಯದಲ್ಲಿ ಮಾತ್ರ ನಾನು ಬಿಗಿ. ಹೆಣ್ಣು ಭ್ರೂಣದ್ದು. ಲಿಂಗಪತ್ತೆ ತಡೆಯಲು ದೇಶದಲ್ಲಿ ಮೊದಲು ಕಾನೂನು ಮಾಡಿದ ರಾಜ್ಯ ಮಹಾರಾಷ್ಟ್ರ, 1988ರಲ್ಲಿ. ಕೇಂದ್ರದ ಕಾನೂನು ಬಂದದ್ದು 1994ರಲ್ಲಿ. ಆದರೂ ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ 2001ರಲ್ಲಿ ಮಹಾರಾಷ್ಟ್ರದಲ್ಲಿ 913 ಹೆಣ್ಣು ಇದ್ದದ್ದು 2011ಕ್ಕೆ 894ಕ್ಕೆ ಇಳಿಯಿತು. ನಮ್ಮ ಗಡಿಗೆ ಅಂಟಿಕೊಂಡ ಕೊಲ್ಹಾಪುರದಲ್ಲಿ 2001ರಲ್ಲಿ 839. ಕಬ್ಬು, ಹಾಲು, ದುಡ್ಡು ಎಲ್ಲಾ ಇರುವ ಜಿಲ್ಲೆ ಅದು. ಬಡತನದ ನೆಪ ಅಲ್ಲಿ ನಡೆಯುವುದಿಲ್ಲ.

ಕರ್ನಾಟಕದವರು ನಾವು ಮೇಲು ಅಂದುಕೊಳ್ಳುವುದೂ ಬೇಡ. 2017ರಲ್ಲಿ ಸಾಂಗ್ಲಿ ಜಿಲ್ಲೆಯ ಮ್ಹೈಸಾಳದಲ್ಲಿ ಒಬ್ಬ ಹೆಂಗಸು ಗರ್ಭಪಾತದಲ್ಲಿ ಸತ್ತಳು. ತನಿಖೆ ಮಾಡಿದಾಗ ನೆಲದಡಿ ಹೂತಿದ್ದ 19 ಭ್ರೂಣಗಳು ಸಿಕ್ಕವು. ಮ್ಹೈಸಾಳ ಎಲ್ಲಿದೆ? ಕಾಗವಾಡದ ಪಕ್ಕದಲ್ಲಿ. ಕರ್ನಾಟಕದ ನಂಟೂ ತನಿಖೆಯಲ್ಲಿ ಹೊರಬಂತು. 2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಲಿಂಗಪತ್ತೆ ಮಾಡಿ ಗರ್ಭ ತೆಗೆಯುವ ಒಂದು ಜಾಲ ಹಿಡಿದರು. ಆ ಜಾಲದವರು ಸ್ಕ್ಯಾನಿಂಗ್ ಮಾಡುತ್ತಿದ್ದದ್ದು ಮಂಡ್ಯದ ಒಂದು ಆಲೆಮನೆಯಲ್ಲಿ. ಬೆಲ್ಲ ಬೇಯುವ ಜಾಗದಲ್ಲಿ! ಮಗಳ ನಾಮಕರಣಕ್ಕೆ ಅಚ್ಚುಬೆಲ್ಲ ತರುವ ಜನ ನಾವು.

ಈ ವಿಷಯದಲ್ಲಿ ನನ್ನ ಎದುರು ನಿಲುವಿನವರಿಗೆ ಒಂದು ನಮಸ್ಕಾರ ಸಲ್ಲಬೇಕು. 1994ರ ಕಾನೂನು ಕಾಗದದ ಮೇಲೆ ಮಲಗಿತ್ತು. ಅದನ್ನು ಎಬ್ಬಿಸಲು 2000ದಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಸೆಹತ್ ಸಂಸ್ಥೆ, ಪುಣೆಯ ಮಾಸೂಮ್ ಸಂಸ್ಥೆ, ಮತ್ತೆ ಕಾರ್ಯಕರ್ತ ಸಾಬು ಜಾರ್ಜ್. ಸುರಕ್ಷಿತ ಗರ್ಭಪಾತ ಹೆಣ್ಣಿನ ಹಕ್ಕು ಅನ್ನುವ ಸಂಸ್ಥೆಗಳು ಸೆಹತ್, ಮಾಸೂಮ್. ಅವರ ಆ ಮಾತು ನಾನು ಒಪ್ಪುವುದಿಲ್ಲ. ಆದರೆ ಮೆರವಣಿಗೆ ಮಾಡುವ ನಾವು ಆಗ ಎಲ್ಲಿದ್ದೆವು? ನನ್ನ ಮಗಳು ಈ ಪ್ರಶ್ನೆ ಕೇಳಿದಾಗ ನಾನು ಸುಮ್ಮನಾದೆ. ಈಗ ನಾವಿಬ್ಬರೂ ಜಗಳ ಆಡುತ್ತಲೇ ಒಂದಷ್ಟು ಕೆಲಸ ಜೊತೆಗೆ ಮಾಡುತ್ತೇವೆ. ನಮ್ಮ ಖಾಲಿ ಕೋಣೆಗೆ ಬಂದ ಆ ಹುಡುಗಿಯ ಫಾರಂಗಳನ್ನೆಲ್ಲ ಆನ್‌ಲೈನಿನಲ್ಲಿ ತುಂಬಿದವಳು ನನ್ನ ಮಗಳೇ. "ಮಗು ಇಟ್ಟುಕೊಳ್ಳೋಕೆ ಅವಳಿಗೆ ಮನಸ್ಸಿದೆ, ಹಾಗಾಗಿ ಇದೂ ಅವಳ ಹಕ್ಕೇ, ನಿನ್ನ ಗೆಲುವು ಅಂದುಕೋಬೇಡ" ಅಂತ ಹೇಳಿಯೇ ತುಂಬಿದಳು.

ಆ ಹುಡುಗಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅವಳ ಬದುಕು ಅವಳದು. ಯಾದಗಿರಿ ಕಡೆಯವಳು. ಮದುವೆ ಆಗ್ತೀನಿ ಅಂದವನು ಬೇರೆ ಸೈಟಿಗೆ ಹೋದವನು ಬರಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಆಯಿತು, ಖರ್ಚೇನೂ ಬರಲಿಲ್ಲ. 2011ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ ಎಲ್ಲ ಉಚಿತ. ಇದು ಗೊತ್ತಿಲ್ಲದೆ ದುಡ್ಡಿಗೆ ಹೆದರಿ ತೆಗೆಸಿಕೊಳ್ಳಲು ಬಂದವರನ್ನು ನಾನು ನೋಡಿದ್ದೇನೆ.

ಹೆರಿಗೆ ಆಸ್ಪತ್ರೆಯವರು ಮಾಡಿಸುತ್ತಾರೆ. ಬಾಣಂತನ ಯಾರು ಮಾಡಬೇಕು? ತವರಿಗೆ ಹೋಗುವ ಹಾಗಿಲ್ಲ, ಅಪ್ಪ ಒಳಗೆ ಬಿಡುವುದಿಲ್ಲ. ನಮ್ಮ ಬಿಲ್ಡಿಂಗಿನ ಧಾರವಾಡದ ಅಜ್ಜಿಗೆ ಹೇಳಿದೆ. ಅವರು ಜಾತಿ ಕೇಳಿದರು, ಗಂಡ ಎಲ್ಲಿ ಅಂತ ಕೇಳಿದರು, ಮುಖ ಸಿಂಡರಿಸಿದರು. ಮಾರನೇ ದಿನ ಬೆಳಿಗ್ಗೆ ಅಂಟಿನ ಉಂಡೆಯ ಡಬ್ಬಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಎಣ್ಣೆ ಬಿಸಿ ಮಾಡು ಅಂದರು. ಕೂಸನ್ನು ಕಾಲಿನ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಮೂಗು ತಿದ್ದಿ, ಲೋಬಾನದ ಹೊಗೆ ಹಿಡಿದರು. ಬಾಣಂತಿಗೆ ಹೊಟ್ಟೆ ಕಟ್ಟಿದರು. ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ ಖಾರ, ಬಿಸಿ ರೊಟ್ಟಿ. ಆ ಹುಡುಗಿ ತಟ್ಟೆ ಮುಂದೆ ಕೂತು ಅತ್ತಾಗ, "ಅಳಬ್ಯಾಡ, ಹಾಲು ಬತ್ತತಾವ" ಅಂತ ಗದರಿಸಿದರು. ಹೊಗೆ ಹಿಡಿಯುವುದು ಕೂಸಿನ ಎದೆಗೆ ಒಳ್ಳೆಯದಲ್ಲ ಅಂತ ನರ್ಸ್ ಆಗಿ ನಾನು ಹೇಳಿದೆ. ನನ್ನ ಮಾತು ಯಾರು ಕೇಳುತ್ತಾರೆ? ಕಿಟಕಿ ತೆಗೆದು ಸುಮ್ಮನಾದೆ.

ಇಂಥ ಅಜ್ಜಿಯರು ಈ ಸಭೆಯಲ್ಲಿ ಎಷ್ಟು ಜನ ಇದ್ದೀರಿ! ಬಾಣಂತನ ಮಾಡುವುದು ನಿಮಗೆ ಬಾಯಿಪಾಠ. ಸೊಸೆಯಂದಿರು ಈಗ ದುಡ್ಡು ಕೊಟ್ಟು ಮಾಲೀಶಿನವಳನ್ನು ಇಟ್ಟುಕೊಳ್ಳುತ್ತಾರೆ, ನಿಮ್ಮನ್ನು ಕೇಳುವವರಿಲ್ಲ ಅಂತ ನೀವೇ ಪಾರ್ಕಿನಲ್ಲಿ ಕೂತು ದೂರುತ್ತೀರಿ. ಕೇಳುವವರಿದ್ದಾರೆ. ತಗಡಿನ ಶೆಡ್ಡಿನಲ್ಲಿ ಇದ್ದಾರೆ.

ಮಗುವನ್ನು ಇಟ್ಟುಕೊಳ್ಳಲು ಆಗುವುದೇ ಇಲ್ಲ ಅನ್ನುವವರೂ ಇರುತ್ತಾರೆ. ಅದಕ್ಕೂ ದಾರಿ ಇದೆ. ಕದ್ದುಮುಚ್ಚಿ ದೇವಸ್ಥಾನದ ಮೆಟ್ಟಿಲ ಮೇಲೆ, ಕಸದ ತೊಟ್ಟಿಯ ಪಕ್ಕ ಇಟ್ಟುಬರಬೇಕಾಗಿಲ್ಲ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಿ ಕಾನೂನು ಪ್ರಕಾರ ಒಪ್ಪಿಸಬಹುದು. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಇದಕ್ಕೆ ಅವಕಾಶ ಇದೆ. ಒಪ್ಪಿಸಿದ ಮೇಲೂ ಎರಡು ತಿಂಗಳು ಸಮಯ ಕೊಡುತ್ತಾರೆ, ಮನಸ್ಸು ಬದಲಾದರೆ ವಾಪಸ್ ಪಡೆಯಬಹುದು. ನಮ್ಮ ಸಸೂನ್ ಆಸ್ಪತ್ರೆಯ ಆವರಣದಲ್ಲೇ ಸೋಫೋಶ್ ಸಂಸ್ಥೆಯ ಶ್ರೀವತ್ಸ ಅಂತ ಶಿಶುಕೇಂದ್ರ ಇದೆ, ಅಲ್ಲಿಂದ ದತ್ತು ಕೊಡುತ್ತಾರೆ. ದತ್ತು ಬೇಕು ಅಂತ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿರುವ ದಂಪತಿಗಳು ನಿಮ್ಮ ನೆಂಟರಲ್ಲೇ ಇರಬಹುದು. 1098ಕ್ಕೆ ಫೋನ್ ಮಾಡಿದರೆ ಮಕ್ಕಳ ಸಹಾಯವಾಣಿ ಸಿಗುತ್ತದೆ. ನಂಬರನ್ನು ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ, ನಾನು ಕಾಯುತ್ತೇನೆ.

ಗಂಡಸರಿಗೆ ಒಂದು ಮಾತು. ಮೆರವಣಿಗೆಯಲ್ಲಿ ನೀವು ತುಂಬಾ ಜನ ಇದ್ದಿರಿ, ಮೈಕೂ ಹೆಚ್ಚಾಗಿ ನಿಮ್ಮ ಕೈಯಲ್ಲೇ ಇತ್ತು. ಆಸ್ಪತ್ರೆಯ ಬೆಂಚಿನ ಮೇಲೆ ನಿಮ್ಮನ್ನು ಕಂಡದ್ದು ಕಮ್ಮಿ. ಹೋಟೆಲ್ ನಡೆಸುವವರು ಇಲ್ಲಿದ್ದೀರಿ, ಕಂಟ್ರಾಕ್ಟರುಗಳಿದ್ದೀರಿ. ನಿಮ್ಮ ಹತ್ತಿರ ಕೆಲಸ ಮಾಡುವ ಹುಡುಗಿ ಬಸುರಾದರೆ ಮರುದಿನ ಬರಬೇಡ ಅನ್ನುತ್ತೀರೋ ಅಥವಾ ಕೂತು ಮಾಡುವ ಕೆಲಸ ಕೊಡುತ್ತೀರೋ? 2017ರಿಂದ ಹೆರಿಗೆ ರಜೆ 26 ವಾರ ಅಂತ ಕಾನೂನಿದೆ. ಕೂಲಿ ಹೆಣ್ಣಿಗೆ ಅದನ್ನು ಕೊಟ್ಟವರು ಇದ್ದರೆ ಕೈ ಎತ್ತಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಿಂದ ಹೆರಿಗೆಗೆ ಸಹಾಯಧನ ಸಿಗುತ್ತದೆ, ಆದರೆ ಹೆಸರು ನೋಂದಾಯಿಸಿರಬೇಕು. ಆ ಹೆಸರು ಬರೆಸಲು ನಿಮ್ಮ ಒಂದು ಸಹಿ ಬೇಕು. ಅಷ್ಟು ಮಾಡಿ.

ಒಂದು ಬಿಎಚ್‌ಕೆ ಮನೆಯವರು ಕೋಣೆ ಕೊಡಲು ಆಗುವುದಿಲ್ಲ, ಅದು ನನಗೆ ಗೊತ್ತು. ಸಸೂನಿಗೆ ಜೊತೆಗೆ ಬರಬಹುದು. ಅಲ್ಲಿಯ ಕೌಂಟರಿನಲ್ಲಿ ಮರಾಠಿ, ನಮ್ಮ ಹುಡುಗಿಯರಿಗೆ ಬರುವುದು ಕನ್ನಡ ಒಂದೇ. ನಡುವೆ ನಿಂತು ಮಾತಾಡುವವರು ಬೇಕು. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸುವವರು ಬೇಕು. ಹಳೇ ಕಾಟನ್ ಸೀರೆ ಬೇಕು, ಮೆತ್ತಗಿನವು, ಜರಿ ಇಲ್ಲದ್ದು. ಕೊನೆಯ ಸಾಲಿನಲ್ಲಿ ನೀಲಿ ಸೀರೆಯ ಅಕ್ಕ ಕೂತಿದ್ದಾರೆ, ಅವರ ಹತ್ತಿರ ಒಂದು ನೋಟ್‌ಬುಕ್ ಇದೆ. ಹೆಸರು, ಏರಿಯಾ, ಯಾವ ದಿನ ಬಿಡುವು, ಇಷ್ಟು ಬರೆದರೆ ಸಾಕು. ವಾಟ್ಸಾಪ್ ಗುಂಪಿಗೆ ಸೇರಿಸಿ ಅಂತ ಮಾತ್ರ ಕೇಳಬೇಡಿ, ಈ ಸಲ ಗುಂಪು ಮಾಡಿಲ್ಲ. ಫೋನ್ ಮಾಡುತ್ತೇವೆ.

ಈಗ ಪ್ರಶ್ನೆ ಕೇಳಿ. ನನ್ನ ಜೊತೆ ಜಗಳ ಆಡಬೇಕು ಅನ್ನುವವರು ಮೊದಲು ಕೇಳಿ.